ಅಂಟುವಾಳದಲ್ಲಿ ತೊಳೆದ ಜಾಕೆಟ್

ಜಿನಶ್ರೀ ತೊಳೆದುಕೊಟ್ಟ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿ ನೋಡುವ ಪದ್ಧತಿ ತೀರ್ಥಹಳ್ಳಿಯಲ್ಲಿ ಯಾರಿಗೂ ಇರಲಿಲ್ಲ. ಅಷ್ಟು ನಂಬಿಕೆ. ಹಿಂದಿನ ದಿನವೇ ಅಂಟುವಾಳದ ಕಾಯಿ ನೆನೆಹಾಕುವುದು, ಬೆಳಿಗ್ಗೆ ಕಿವುಚಿ ನೊರೆ ಬರಿಸುವುದು, ಆ ನೊರೆಯಲ್ಲಿ ಸೀರೆಯನ್ನು ಹಿಂಡದೆ, ಕುಕ್ಕದೆ, ಎಳೆಮಗುವಿನ ತಲೆ ತೊಳೆದ ಹಾಗೆ ಅದ್ದಿ ಎತ್ತುವುದು, ನೆರಳಿನಲ್ಲಿ ಹರವುವುದು. ಧಾರೆ ಸೀರೆಯಿರಲಿ, ಜರಿ ಕಪ್ಪಾದ ಅಂಚಿರಲಿ, ಪಕ್ಕದೂರು ಮೇಳಿಗೆಯವರು ಯಾರೋ ಅಜ್ಜಿಯ ಪೆಟ್ಟಿಗೆಯಿಂದ ತೆಗೆದು ತಂದ ನೂರು ವರ್ಷದ ಪಟ್ಟೆಯಿರಲಿ, ಎಲ್ಲಕ್ಕೂ ಅದೇ ಕ್ರಮ. ಮಾತಿಲ್ಲದ ಕೆಲಸ. ಜಿನಶ್ರೀಗೆ ಅದೇ ಹಿತವಾಗಿತ್ತು.

ಸಾಗರದ ವಿನಯಾ ಅವಳ ಕೈಗುಣ ಕೇಳಿ ಒಂದು ವರ್ಷದಿಂದ ಬಟ್ಟೆ ಕಳಿಸುತ್ತಿದ್ದಳು. ವಿನಯಾಳದು ಹವ್ಯಕರ ಮನೆ, ನಲವತ್ತರ ಹತ್ತಿರದ ವಯಸ್ಸು, ಸಾಗರ ಪೇಟೆಯಲ್ಲಿ ಯಾರೋ ತೊಟ್ಟು ಬಿಟ್ಟ ಬಟ್ಟೆಗಳ ಅಂಗಡಿ. ದೊಡ್ಡ ಊರುಗಳಿಂದ ಮೂಟೆ ತರಿಸಿ, ಚೊಕ್ಕ ಮಾಡಿಸಿ, ಮಾರುತ್ತಾಳೆ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳಿಗೆ ಬಾಡಿಗೆಗೂ ಕೊಡುತ್ತಾಳೆ. ಖಾಸಗಿ ಬಸ್ಸಿನ ಡ್ರೈವರನ ಪಕ್ಕ ಇಟ್ಟು ಕಳಿಸಿದ ಪಾರ್ಸಲ್ ಮಧ್ಯಾಹ್ನದ ಹೊತ್ತಿಗೆ ತೀರ್ಥಹಳ್ಳಿ ಮುಟ್ಟುತ್ತಿತ್ತು. ಮೂರು ವಾರದ ಹಿಂದೆ ವಿನಯಾ ಫೋನಿನಲ್ಲಿ ಬೇರೆಯೇ ಮಾತು ತೆಗೆದಿದ್ದಳು. ಅಂಗಡಿಯ ಹಿಂದೆ ಒಂದು ಕೋಣೆ, ಬಚ್ಚಲು, ಬಿಸಿಲು ಬೀಳದ ಉದ್ದ ಜಗಲಿ ಖಾಲಿ ಇದೆ, ಅಲ್ಲಿಗೇ ಬಂದು ಇದ್ದು ಕೆಲಸ ನೋಡಿಕೊಳ್ಳುತ್ತೀರಾ ಎಂದು. ಯೋಚನೆ ಮಾಡಿ ಹೇಳ್ತೀನಿ ಎಂದಿದ್ದ ಜಿನಶ್ರೀ ಇನ್ನೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಯೋಚನೆಯನ್ನೂ ಮಾಡಿರಲಿಲ್ಲ. ಹೋಗುವುದು ಸಾಧ್ಯವೇ ಇಲ್ಲ ಎಂದು ಗೊತ್ತಿರುವಾಗ ಯೋಚಿಸುವುದಕ್ಕೆ ಏನಿರುತ್ತದೆ?

ಸಾಧ್ಯವಿಲ್ಲದ್ದು ಅಡುಗೆಮನೆಯ ಕಾರಣಕ್ಕೆ. ಏಳು ವರ್ಷದ ಹಿಂದೆ ಅವಳ ಗಂಡ ವರ್ಧಮಾನ ಹಾರ್ಡ್‌ವೇರ್ ಅಂಗಡಿಯನ್ನು ತಮ್ಮ ರಾಜೇಂದ್ರನಿಗೆ ಒಪ್ಪಿಸಿ ದೀಕ್ಷೆ ತೆಗೆದುಕೊಂಡು ಜೈನ ಮುನಿಯಾಗಿದ್ದ. ಜಗಳವಿಲ್ಲ, ಬೇಸರವಿಲ್ಲ, ವೈರಾಗ್ಯ ಬಂದಿತ್ತು, ಹೋದ. ಹೋಗುವ ಮುಂಚೆ ಹೆಂಡತಿಯ ಒಪ್ಪಿಗೆ ಬೇಕು. ಶಾಮಿಯಾನದ ಕೆಳಗೆ ಐನೂರು ಜನರೆದುರು ಯಾರೋ ಅವಳ ಕೈಗೆ ಮೈಕು ಕೊಟ್ಟರು. ‘ನನ್ನ ಪೂರ್ಣ ಸಮ್ಮತಿ ಇದೆ’ ಎಂದು ಅವಳು ಹೇಳಿದಳು. ಜನ ಜಯಕಾರ ಹಾಕಿದರು. ಹಿರಿಯರು ಕೂಡ ಬಂದು ಅವಳ ಕಾಲು ಮುಟ್ಟಿದರು, ಪುಣ್ಯವಂತೆ ಎಂದರು. ಅವತ್ತಿನಿಂದ ಅವಳು ವಿಧವೆಯಲ್ಲ, ಗಂಡನಿದ್ದವಳೂ ಅಲ್ಲ. ಬಹಳ ಹೊತ್ತು ಒಂದೇ ಮಗ್ಗುಲಿಗೆ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆ ಏನೋ ಹಿಡಿದು ಕೂತಿತ್ತು. ನೋವೆಂದರೆ ನೋವಲ್ಲ. ಉಂಡದ್ದರ ರುಚಿ ಕೂಡ ಅವಳ ಗಮನಕ್ಕೆ ಬರುತ್ತಿರಲಿಲ್ಲ.

ಮಗ ಮನೆ ಬಿಟ್ಟ ವರ್ಷವೇ ಅತ್ತೆ ವಿಜಯಲಕ್ಷ್ಮಮ್ಮ ತಾವೂ ವ್ರತ ಹಿಡಿದರು. ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು ಮನೆಯವರಿಗೆಲ್ಲ ಇದ್ದ ನೇಮ, ಅತ್ತೆಯದು ದಿನಕ್ಕೆ ಒಂದೇ ಊಟ, ಬೆಳಿಗ್ಗೆ ಹತ್ತೂವರೆಗೆ. ಅದೂ ಸ್ನಾನ ಮಾಡಿ ಮಡಿಯುಟ್ಟವಳು, ಆಗಷ್ಟೇ ಬಾವಿಯಿಂದ ಸೇದಿ ಎರಡು ಪದರದ ಬಟ್ಟೆಯಲ್ಲಿ ಸೋಸಿದ ನೀರಿನಲ್ಲಿ ಮಾಡಿದ್ದು. ಸೋಸಿದ ಮೇಲೆ ಬಟ್ಟೆಯನ್ನು ತಿರುವಿ ತೊಳೆದು, ಅದಕ್ಕೆ ಸಿಕ್ಕಿರಬಹುದಾದ ಕಣ್ಣಿಗೆ ಕಾಣದ ಜೀವಗಳನ್ನು ಸಾಯದ ಹಾಗೆ ಮತ್ತೆ ಬಾವಿಗೇ ಇಳಿಸಬೇಕು. ಇಷ್ಟನ್ನು ಅತ್ತೆಗೆ ಒಪ್ಪುವ ಹಾಗೆ ಮಾಡುವ ಕೈ ಮನೆಯಲ್ಲಿ ಒಂದೇ. ರಾಜೇಂದ್ರನ ಹೆಂಡತಿ ಶ್ರದ್ಧಾ ಮಹಡಿಯ ಮೇಲೆ ಬೇರೆ ಅಡುಗೆ ಮಾಡಿಕೊಂಡಿದ್ದಳು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ತನಗೆ ಇದೆಲ್ಲ ಬಗ್ಗುವುದಿಲ್ಲವೆಂದು ನಗುತ್ತಲೇ ತಪ್ಪಿಸಿಕೊಂಡಿದ್ದಳು. ಹೀಗಾಗಿ ಏಳು ವರ್ಷದಲ್ಲಿ ಜಿನಶ್ರೀ ಒಂದು ರಾತ್ರಿಯೂ ಊರು ಬಿಟ್ಟಿರಲಿಲ್ಲ.

ಆ ಸೋಮವಾರದ ಪಾರ್ಸಲ್‌ನಲ್ಲಿ ಎರಡು ಮೈಸೂರು ಸಿಲ್ಕು, ಒಂದು ಶಾಲು, ಜೊತೆಗೆ ಬೆಲ್ಲದ ಬಣ್ಣದ, ಕೋಟಿನಂಥ ಒಂದು ಜಾಕೆಟ್ ಇತ್ತು. ಭಾನುವಾರ ಲಿಂಗನಮಕ್ಕಿ ಹಿನ್ನೀರಿನಲ್ಲಿ ಒಂದು ಜೋಡಿಯ ಫೋಟೊ ಇದೆ, ಜಾಕೆಟ್ ಶುಕ್ರವಾರದೊಳಗೆ ಬೇಕು ಎಂದು ವಿನಯಾ ಮೆಸೇಜು ಹಾಕಿದ್ದಳು. ಜಿನಶ್ರೀ ಮುಟ್ಟಿ ನೋಡಿದಳು. ಮೈತುಂಬ ಸಣ್ಣ ನವಿರು. ಕೈಯಾಡಿಸಿದ ಕಡೆ ಬಣ್ಣ ತಿಳಿಯಾಗುತ್ತದೆ, ತಿರುಗಿಸಿ ಆಡಿಸಿದರೆ ಗಾಢವಾಗುತ್ತದೆ. ಕಾಲರಿಗೆ ಎಣ್ಣೆ ಜಿಡ್ಡು ಕೂತಿತ್ತು. ಒಳಗಿನ ಚೀಟಿ ಸವೆದು ಅಕ್ಷರ ಅಳಿಸಿಹೋಗಿತ್ತು. ದಪ್ಪ ಮಖಮಲ್ಲು ಎಂದುಕೊಂಡಳು. ಹಾಗಲ್ಲದೆ ಬೇರೇನು ಅಂದುಕೊಳ್ಳಲು ಅವಳಿಗೆ ಸಾಧ್ಯವಿತ್ತು? ಹುಟ್ಟಿದ ಮನೆಯಲ್ಲಿ, ಸೇರಿದ ಮನೆಯಲ್ಲಿ, ಚರ್ಮದ ಚಪ್ಪಲಿ, ಬೆಲ್ಟು, ಪರ್ಸು ಯಾವುದೂ ಹೊಸ್ತಿಲು ದಾಟಿದ್ದಿಲ್ಲ. ಬಸದಿಯ ಬಾಗಿಲಲ್ಲಿ ಚರ್ಮದ ವಸ್ತು ಹೊರಗಿಡಿ ಎಂಬ ಬೋರ್ಡಿದೆ. ಇವರ ಮನೆಯವರಿಗೆ ಹೊರಗಿಡಲು ಏನೂ ಇರುತ್ತಿರಲಿಲ್ಲ. ಅವಳ ತಿಳಿವಿನಲ್ಲಿ ಚರ್ಮವೆಂದರೆ ಪಾಲಿಶ್ ಹಾಕಿದ, ಮಿರುಗುವ, ನುಣುಪಾದ ವಸ್ತು.

ಮೂರು ಗಂಟೆಗೆ ಬಾವಿಕಟ್ಟೆಯ ಪಕ್ಕದ ಕಲ್ಲಿನ ಬಳಿ ಕೂತು ಜಾಕೆಟ್ಟನ್ನು ಅಂಟುವಾಳದ ನೊರೆಗೆ ಇಳಿಸಿದಳು. ಅದು ನೀರು ಕುಡಿಯಿತು. ಸೀರೆ ಕುಡಿದ ಹಾಗಲ್ಲ. ನಿಧಾನವಾಗಿ, ಬಾಯಾರಿದ್ದ ಹಾಗೆ. ಭಾರವಾಯಿತು. ಎರಡನೆಯ ಸಲ ಎತ್ತುವಾಗ ವಾಸನೆ ಬಂತು. ಮೊದಲ ಮಳೆಗೆ ನೆನೆದು ಹಟ್ಟಿಗೆ ಬಂದ ದನದ ಮೈಯ ವಾಸನೆ. ಬೇರೆ ಯಾವುದೂ ಅಲ್ಲ, ಅದೇ.

ಅವಳ ಕೈ ನೀರೊಳಗೇ ಇತ್ತು. ಹೌಹಾರಬೇಕಿತ್ತು, ಕೈ ಕಿತ್ತುಕೊಳ್ಳಬೇಕಿತ್ತು. ಹಾಗೇನೂ ಆಗಲಿಲ್ಲ. ಆಗಲಿಲ್ಲವಲ್ಲ ಎಂದು ನೋಡುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ ತೊಳೆಯುವುದನ್ನು ಮುಗಿಸಿದಳು, ಏಕೆಂದರೆ ಅರ್ಧಕ್ಕೆ ಬಿಟ್ಟ ಬಟ್ಟೆ ಕಲೆ ಕಟ್ಟುತ್ತದೆ. ಸೌದೆ ಕೊಟ್ಟಿಗೆಯ ಹಗ್ಗಕ್ಕೆ ಹರವಿದಳು. ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಯಾರಿಗೂ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ನೋಡಿದರೆ ತೋಳುಗಳು ಒಣಗಿದ ಅಡಿಕೆ ಹಾಳೆಯ ಹಾಗೆ ಸೆಟೆದುಕೊಂಡಿದ್ದವು. ಮೈ ಇನ್ನೂ ಹಸಿ. ಅವಳು ಅದನ್ನು ಹಾಗೇ ಬಿಟ್ಟು, ಸ್ನಾನ ಮಾಡಿ, ನೀರು ಸೇದಿ, ಸೋಸಿ, ಅನ್ನ, ತೊವ್ವೆ, ಬಾಳೆಕಾಯಿ ಪಲ್ಯ ಮಾಡಿದಳು. ಅತ್ತೆ ಹತ್ತೂವರೆಗೆ ಕೂತು ಉಂಡರು. ಬಡಿಸುವಾಗ ಜಿನಶ್ರೀ ತನ್ನ ಕೈಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಜಾಕೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಾಂಪೌಂಡಿನ ಬಳಿ ಕೂರುವ ಜಟ್ಟಿಂಗಪ್ಪನ ಹತ್ತಿರ ಹೋದಳು. ಪ್ಲಾಸ್ಟಿಕ್ ಚಪ್ಪಲಿಯ ಪಟ್ಟಿ ಕಿತ್ತಾಗ ಅವನಲ್ಲಿಗೆ ಹೋಗಿದ್ದುಂಟು, ಎರಡು ಮಾರು ದೂರ ನಿಂತು. ಈಗ ಹತ್ತಿರ ಕೂತಳು. ಅವನು ತೋಳನ್ನು ಮಡಿಸಿದ, ಮೂಸಿದ, ಹೆಬ್ಬೆರಳಿಂದ ಒತ್ತಿದ.

“ನೀರಿಗೆ ಹಾಕಿದ್ರಾ?”

“ಅಂಟುವಾಳದಲ್ಲಿ ತೊಳ್ದೆ.”

ಜಟ್ಟಿಂಗಪ್ಪ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ಅವಳ ಮುಖ ನೋಡಿದ. “ಧಾರೆ ಸೀರೆ ಅಂದ್ಕೊಂಡ್ರಾ ಎಂತ? ಇದು ಚರ್ಮ ಅಮ್ಮ. ಹೊರಮೈ ಅಲ್ಲ, ಒಳಮೈ. ಅದನ್ನೇ ಉಜ್ಜಿ ಉಜ್ಜಿ ಹಿಂಗೆ ನವಿರು ಎಬ್ಬಿಸ್ತಾರೆ. ಗೊತ್ತಿಲ್ಲದೋರಿಗೆ ಬಟ್ಟೆ ಥರಾನೇ ಕಾಣ್ತದೆ.”

ಸರಿಹೋಗುತ್ತದಾ ಎಂದು ಕೇಳಿದಳು. ಪೂರ್ತಿ ಹೋಗುವುದಿಲ್ಲ, ಆದರೆ ಸತ್ತೂ ಹೋಗಿಲ್ಲ ಎಂದ. ಅರೆಹಸಿ ಇರುವಾಗಲೇ ಒಂದೊಂದು ಗೇಣು ಹಿಡಿದು ಎಳೆದು ಹಿಸುಕಬೇಕು, ಬೆಂಕಿ ಬಿಸಿಲು ಎರಡೂ ತೋರಿಸಬಾರದು. ಒಣಗಿದ ಕಡೆ ಸ್ವಲ್ಪ ಉಗಿ ತೋರಿಸಿ ಮತ್ತೆ ಹಿಸುಕಬೇಕು. ಜಿಡ್ಡಿಗೆ ಸೀಮೆಸುಣ್ಣದ ಪುಡಿ ಹಾಕಿ ಒಂದು ದಿನ ಬಿಡಬೇಕು. ಕಲೆಗೆ ಶಾಲೆ ಮಕ್ಕಳ ರಬ್ಬರು. ಕೊನೆಗೆ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ನವಿರು ಎಬ್ಬಿಸಬೇಕು. ಕೂಲಿ ಎಷ್ಟೆಂದು ಕೇಳಿದ್ದಕ್ಕೆ, ಮಾತಿಗೆಂತ ಕೂಲಿ ಎಂದು ತನ್ನ ಕೆಲಸಕ್ಕೆ ತಿರುಗಿದ. ಅವಳು ಎದ್ದು ನಿಂತಾಗ ತಲೆಯೆತ್ತದೆ, “ಮನೇಲಿ ಗೊತ್ತಾ?” ಎಂದ.

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಹೇಳ್ಬೇಡಿ ಬಿಡಿ. ನಾನಂತೂ ಹೇಳಲ್ಲ.”

ಹೇಳದಿದ್ದರೂ ನಡೆಯುತ್ತಿತ್ತು. ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದಳು. ಜಾಕೆಟ್ ಸಾಗರಕ್ಕೆ ಹೋಗುತ್ತದೆ, ಬಾವಿಕಟ್ಟೆ ತೊಳೆದದ್ದಾಯಿತು, ನಾಳೆ ಹತ್ತೂವರೆಗೆ ಅತ್ತೆ ಮತ್ತೆ ಉಣ್ಣುತ್ತಾರೆ. ಆದರೆ ಎಪ್ಪತ್ತಾರು ವರ್ಷದ ಹೆಂಗಸು ಕಣ್ಣುಮುಚ್ಚಿ ನಂಬಿ ಬಾಯಿಗಿಡುವ ತುತ್ತು ಅದು. ಹತ್ತೂರಿನ ಸೀರೆಗಳಿಗೆ ಮೋಸ ಮಾಡದ ಕೈ ಅದಕ್ಕೆ ಮಾಡಬಾರದಿತ್ತು. ಸಂಜೆ ಅತ್ತೆ ಜಪಮಣಿ ಕೆಳಗಿಡುವವರೆಗೆ ಕಾದಳು. ಎದುರು ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ವಿಜಯಲಕ್ಷ್ಮಮ್ಮ ಕೂಗಾಡುವ ಹೆಂಗಸಲ್ಲ. ಕೆಳಗಿಟ್ಟ ಜಪಮಣಿಯನ್ನು ಪಕ್ಕಕ್ಕೆ ಸರಿಸಿ, “ಯಾವಾಗ ಗೊತ್ತಾಯ್ತು ನಿಂಗೆ?” ಎಂದರು.

“ನಿನ್ನೆ ಮಧ್ಯಾಹ್ನ.”

“ನಾನು ಇವತ್ತು ಬೆಳಿಗ್ಗೆ ಉಂಡೆ.”

“ಹೌದು ಅತ್ತೆ.”

ಅತ್ತೆ ತಮ್ಮ ಅಂಗೈ ಎರಡನ್ನೂ ನೋಡಿಕೊಂಡರು. ನಾಳೆ ತಮಗೆ ಉಪವಾಸ ಎಂದರು. ಬಾವಿಯ ನೀರು ನಾಳೆಯೇ ಎತ್ತಿ ಚೆಲ್ಲಿಸಬೇಕು. ಜಿನಶ್ರೀ ಮೂರು ದಿನ ಅಡುಗೆಮನೆಗೆ ಬರಬಾರದು. ಒಪ್ಪೊತ್ತು ಉಂಡು, ದಿನಕ್ಕೆ ಇಷ್ಟೆಂದು ಜಪ ಮಾಡಿ, ನಾಲ್ಕನೆಯ ದಿನ ಬಸದಿಗೆ ಹೋಗಿ ಬಂದು ಒಳಗೆ ಸೇರಬಹುದು. ಗೊತ್ತಿಲ್ಲದ ಊರಿನ, ಗೊತ್ತಿಲ್ಲದವರ ಬಟ್ಟೆ ಇನ್ನು ಮುಂದೆ ಮನೆಗೆ ಬೇಡ. ಆ ವಸ್ತುವನ್ನು ಈಗಲೇ ಹೊರಗೆ ಹಾಕಬೇಕು.

ಅದು ಬೇರೆಯವರ ಸೊತ್ತು, ಹಾಳು ಮಾಡಿದ್ದು ತಾನು, ಕೊಟ್ಟಿಗೆಯಲ್ಲೇ ಇಟ್ಟುಕೊಂಡು ಸರಿಮಾಡಿ ಕೊಟ್ಟುಬರುತ್ತೇನೆ ಎಂದಳು ಜಿನಶ್ರೀ. ಅತ್ತೆ ಅದಕ್ಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಎದ್ದು ಹೋಗುವಾಗ ಬಾಗಿಲು ಹಿಡಿದು ನಿಂತರು.

“ಅವನು ಎಲ್ಲ ಬಿಟ್ಟ. ನಾವು ಬಿಡೋದು ಎಷ್ಟು ಸಣ್ಣದು ಹೇಳು.”

“ನಂಗೆ ಬಿಡೋಕೆ ಏನೂ ಉಳಿದಿಲ್ಲ ಅತ್ತೆ,” ಎಂದಳು ಜಿನಶ್ರೀ. ಕೋಪದಿಂದ ಹೇಳಿದ್ದಲ್ಲ. ಡಬ್ಬಿ ನೋಡಿ ಸಕ್ಕರೆ ಮುಗಿದಿದೆ ಎಂದ ಹಾಗೆ ಹೇಳಿದಳು. ಅತ್ತೆ ತಿರುಗಿ ನೋಡದೆ ಒಳಗೆ ಹೋದರು.

ಸುದ್ದಿ ಕೇಳಿದ ಶ್ರದ್ಧಾ ಮಹಡಿಯಿಂದ ಓಡಿ ಇಳಿದಳು. ಅವಳಿಗೆ ಚರ್ಮದ ಚಿಂತೆಯಲ್ಲ, ಅಡುಗೆಯದು. “ಅಕ್ಕ, ನಿಮ್ಮ ಕೈ ಮುಗೀತೀನಿ, ಮೂರೇ ದಿನ. ನಾಲ್ಕನೇ ದಿನಕ್ಕೆ ನಾನು ದೀಕ್ಷೆ ತಗೊಂಡು ಓಡಿಹೋಗ್ತೀನಿ ನೋಡಿ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಜಿನಶ್ರೀ ಅವಳನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ, ಹಗ್ಗವನ್ನಾಗಲಿ ಕೊಡವನ್ನಾಗಲಿ ಮುಟ್ಟದೆ, ದೂರದಿಂದಲೇ ಎಲ್ಲವನ್ನೂ ಬಾಯಲ್ಲಿ ಹೇಳಿಕೊಟ್ಟಳು.

ಬುಧವಾರ, ಗುರುವಾರ ಎರಡು ದಿನವೂ ಅವಳು ಸೌದೆ ಕೊಟ್ಟಿಗೆಯಲ್ಲಿ ಕೂತಳು. ಹತ್ತೂವರೆ ಬಂತು, ಹೋಯಿತು. ಅವಳಿಂದ ಯಾರೂ ಏನನ್ನೂ ಕಾಯುತ್ತಿರಲಿಲ್ಲ. ಕಾಲರಿನ ಜಿಡ್ಡಿನ ಮೇಲೆ ಸೀಮೆಸುಣ್ಣ ತೇಯ್ದು ಹಾಕಿದಳು. ತೋಳನ್ನು ಬಚ್ಚಲ ಹಂಡೆಯ ಉಗಿಗೆ ಹಿಡಿದು, ತೊಡೆಯ ಮೇಲೆ ಹರವಿ, ಗೇಣು ಗೇಣಾಗಿ ಎಳೆದು ಹಿಸುಕಿದಳು. ಮೊದಲು ಕಟಕಟ ಎನ್ನುತ್ತಿದ್ದದ್ದು ಮೆಲ್ಲಗೆ ಬಾಗಿತು. ಅಸಹ್ಯ ಹುಟ್ಟುತ್ತದೆಂದು ಕಾದಳು, ಹುಟ್ಟಲಿಲ್ಲ. ಹೆದರಿಕೆಯೂ ಇಲ್ಲ. ಎಡ ಮೊಣಕೈಯ ಹತ್ತಿರ ಒಂದು ಬಗ್ಗು ಉಳಿದಿತ್ತು. ಎಷ್ಟು ಎಳೆದರೂ ನೇರವಾಗಲಿಲ್ಲ. ಯಾರೋ ವರ್ಷಗಟ್ಟಲೆ ಆ ಕೈಯನ್ನು ಮೇಜಿನ ಮೇಲೆ ಊರಿ ಕೂತಿರಬೇಕು. ಗಂಡಸೋ ಹೆಂಗಸೋ. ಯಾರನ್ನು ಕಾಯುತ್ತಿದ್ದರೋ. ಅದಕ್ಕೂ ಮೊದಲು ಇದು ಇನ್ನೊಂದರ ಮೈಮೇಲಿತ್ತು, ಅದು ಹುಲ್ಲು ಮೇಯುತ್ತಿತ್ತು, ನೊಣ ಕೂತರೆ ಇದೇ ಚರ್ಮ ಅದಿರಿರಬೇಕು. ಬ್ರಶ್ಶು ಆಡಿಸುತ್ತಿದ್ದಾಗ ತನ್ನ ತುಟಿ ಣಮೋಕಾರ ಹೇಳುತ್ತಿರುವುದು ಅವಳ ಗಮನಕ್ಕೆ ಬಂತು. ಅತ್ತೆ ಹೇಳಿದ ಲೆಕ್ಕದ ಜಪವಲ್ಲ ಅದು. ಆ ಜಪವನ್ನು ಅವಳು ಒಂದು ಮಣಿಯಷ್ಟೂ ಮಾಡಿರಲಿಲ್ಲ. ಒಪ್ಪೊತ್ತನ್ನೂ ಹಿಡಿದಿರಲಿಲ್ಲ, ಹಸಿವಾದಾಗ ಮಹಡಿಯಲ್ಲಿ ಶ್ರದ್ಧಾಳ ಬಳಿ ಎರಡು ಹೊತ್ತೂ ಉಂಡಿದ್ದಳು. ಬೇಕೆಂದು ಬಿಟ್ಟದ್ದಲ್ಲ. ಮಾಡಲು ಮನಸ್ಸೇ ಏಳುತ್ತಿರಲಿಲ್ಲ, ಅಷ್ಟೇ. ನಾಲ್ಕನೆಯ ದಿನ ಅಡುಗೆಮನೆಯ ಆ ಬಾಗಿಲೊಳಗೆ ಹೋದರೆ ಮತ್ತೆ ಹೊರಗೆ ಬರುವುದು ಇಲ್ಲ ಎನ್ನುವುದು ಮಾತ್ರ ಸ್ಪಷ್ಟವಾಗಿತ್ತು.

ಶುಕ್ರವಾರ ಜಾಕೆಟ್ಟನ್ನು ತಾನೇ ತೆಗೆದುಕೊಂಡು ಹೊರಟಳು. ಹೊಸನಗರದಲ್ಲಿ ಬಸ್ಸು ಕಾಲು ಗಂಟೆ ನಿಲ್ಲುತ್ತದೆ. ಅಲ್ಲಿ ಹತ್ತಿದ ವರದಮ್ಮ ಎಂಬ ಮಾತುಗಾರ್ತಿ ಪಕ್ಕದಲ್ಲಿ ಕೂತು, ಎಲ್ಲಿಗೆ, ಯಾರ ಮನೆಗೆ, ಮಕ್ಕಳೆಷ್ಟು, ಯಜಮಾನರು ಏನು ಮಾಡುತ್ತಾರೆ ಎಂದು ಸಾಲಾಗಿ ಕೇಳಿದಳು. ಕೊನೆಯ ಪ್ರಶ್ನೆಗೆ ಜಿನಶ್ರೀ ಏಳು ವರ್ಷದಿಂದ ಕೊಡುತ್ತಿದ್ದ ದೀಕ್ಷೆಯ ಉತ್ತರ ಕೊಡಲಿಲ್ಲ. ಊರಲ್ಲಿಲ್ಲ ಎಂದಳು. ವರದಮ್ಮ ಅಷ್ಟಕ್ಕೇ ತೃಪ್ತಳಾಗಿ ಜಿನಶ್ರೀಯ ಮಡಿಲ ಮೇಲಿದ್ದ ಜಾಕೆಟ್ಟಿನ ಮೇಲೆ ಕೈಯಾಡಿಸಿದಳು.

“ಆಹಾ, ಕರು ಮೂತಿ ಇದ್ದಂಗೆ ಉಂಟಲ್ಲ ಮಾರಾಯ್ತಿ.”

“ಕರುವಿನದೇ ಇರಬಹುದು,” ಎಂದಳು ಜಿನಶ್ರೀ. ವರದಮ್ಮ ಕೈ ತೆಗೆಯಲಿಲ್ಲ. ಬಸ್ಸು ಹೊರಟಿತು.

ಸಾಗರದ ಅಂಗಡಿಯಲ್ಲಿ ವಿನಯಾ ಜಾಕೆಟ್ಟನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಎಡತೋಳಿನ ಮೇಲೆ ನೀರು ಕಟ್ಟಿದ ಗುರುತು ತೆಳ್ಳಗೆ ಉಳಿದಿತ್ತು. ಜಿನಶ್ರೀ ತಾನು ಮಾಡಿದ್ದನ್ನೆಲ್ಲ ಹೇಳಿದಳು. ಕೆಲಸ ಗೊತ್ತಿದ್ದವಳೆಂದು ಕರೆದಿದ್ದಿರಿ, ಇನ್ನು ಬೇಡವೆನಿಸಿದರೆ ಹೇಳಿಬಿಡಿ ಎಂದಳು. ವಿನಯಾ ನಗಲು ಶುರುಮಾಡಿದವಳು ಕುರ್ಚಿಯಲ್ಲಿ ಕೂರಬೇಕಾಯಿತು.

“ಅಂಟುವಾಳದಲ್ಲಿ! ಅಯ್ಯೋ ಜಿನಶ್ರೀಯಕ್ಕ. ತಪ್ಪು ನಂದು, ನಿಮ್ಮ ಮನೆ ಯಾವುದು ಅಂತ ಗೊತ್ತಿದ್ದೂ ಒಂದು ಮಾತು ಹೇಳದೇ ಕಳ್ಸಿದ್ನಲ್ಲ. ಹುಡುಗ ಎಡಗೈನ ಹುಡುಗಿ ಬೆನ್ನ ಹಿಂದೆ ಹಾಕ್ಕೊಂಡು ನಿಲ್ಲಲಿ. ಹೇಗೂ ಫೋಟೊದಲ್ಲಿ ಅವು ಹಾಗೇ ನಿಲ್ಲೋದು.” ಕಣ್ಣೊರೆಸಿಕೊಂಡು ಮತ್ತೆ ಜಾಕೆಟ್ಟನ್ನು ನೋಡಿದಳು. ನೀರಿಗೆ ಬಿದ್ದ ಸ್ವೇಡು ಚರ್ಮ ಇಷ್ಟು ಮೆತ್ತಗೆ ವಾಪಸ್ಸು ಬಂದದ್ದನ್ನು ತಾನು ಕಂಡಿಲ್ಲ ಎಂದಳು. ಚರ್ಮದ್ದು ಬೇಡವೆಂದರೆ ಇನ್ನು ಕೊಡುವುದೇ ಇಲ್ಲ, ಸೀರೆ ಶಾಲೇ ಬೇಕಾದಷ್ಟಿದೆ. “ಆದ್ರೆ ಕೋಣೆ ವಿಷ್ಯ ಇವತ್ತು ಹೇಳಿಬಿಡಿ. ಇನ್ನೊಬ್ಬರು ಕೇಳ್ತಾ ಇದ್ದಾರೆ.”

ಆಗಲೇ ಫೋನು ಬಂತು. ಶ್ರದ್ಧಾ. ಮೂರು ದಿನ ಮುಗಿಯಿತು, ನಾಳೆ ಎಷ್ಟು ಹೊತ್ತಿಗೆ ಬಸದಿಗೆ ಹೋಗಿ ಬರ್ತೀಯ, ಅಡುಗೆಗೆ ನೀನೇ ತಾನೇ ಎಂದು ಅತ್ತೆ ಕೇಳಿಸುತ್ತಿದ್ದಾರಂತೆ. ಶ್ರದ್ಧಾಳ ದನಿಯಲ್ಲಿ ಬಿಡುಗಡೆ ಆಗಲೇ ಬಂದುಬಿಟ್ಟಿತ್ತು.

“ಅತ್ತೆ ಕೈಗೆ ಕೊಡು,” ಎಂದಳು ಜಿನಶ್ರೀ.

ಅತ್ತೆಯ ಉಸಿರು ಕೇಳಿಸಿತು. ಅವರು ಫೋನಿನಲ್ಲಿ ಮೊದಲು ಮಾತಾಡುವುದಿಲ್ಲ.

“ನಾನು ಪ್ರಾಯಶ್ಚಿತ್ತ ಮಾಡ್ಲಿಲ್ಲ ಅತ್ತೆ. ಜಪಕ್ಕೂ ಕೂರ್ಲಿಲ್ಲ. ಇನ್ನೂ ಮಾಡಲ್ಲ. ನಾಳೆ ಬರೋದಿಲ್ಲ. ಇಲ್ಲೇ ಸಾಗರದಲ್ಲಿ ಇರ್ತೀನಿ.”

ಅಲ್ಲಿ ಯಾವುದೋ ಪಾತ್ರೆಯ ಸದ್ದಾಯಿತು. ಶ್ರದ್ಧಾ ಏನೋ ಕೇಳುತ್ತಿದ್ದಳು, ಅತ್ತೆ ಅವಳಿಗೆ ಸುಮ್ಮನಿರು ಅಂದರು. ಅಷ್ಟು ಹೊತ್ತೂ ಜಿನಶ್ರೀ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು. ಈಗ ಬೈಯಬಹುದು, ಮಗನ ಹೆಸರು ಹೇಳಬಹುದು. ಹೇಳಿದರೆ ತನಗೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಯಾರ ಒಪ್ಪಿಗೆ ಕೇಳಿ ಹೋದೆ?” ಎಂದರು ಅತ್ತೆ ಕೊನೆಗೆ.

“ಈಗ ಕೇಳ್ತಾ ಇದೀನಿ.”

ಮತ್ತೆ ಉಸಿರು. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿದ್ದ ಇಬ್ಬರು ಹೆಂಗಸರು ಎಪ್ಪತ್ತೈದು ಕಿಲೋಮೀಟರು ದೂರದಿಂದ ಒಬ್ಬರ ಉಸಿರನ್ನೊಬ್ಬರು ಕೇಳಿದರು.

“ಉಂಡ್ಯಾ?” ಎಂದರು ವಿಜಯಲಕ್ಷ್ಮಮ್ಮ.

“ಇಲ್ಲ.”

“ಹೊತ್ತು ಮುಳುಗೋದಕ್ಕೆ ಬಂತು. ಅದರೊಳಗೆ ಉಣ್ಣು.” ಫೋನು ಶ್ರದ್ಧಾಳ ಕೈಗೆ ಹೋಯಿತೋ, ಕಟ್ಟಾಯಿತೋ ತಿಳಿಯಲಿಲ್ಲ.

ವಿನಯಾಳೂ ಫೋನು ತೆಗೆದು ಗಂಡನಿಗೆ, “ಇಲ್ಲಿ ಸ್ವಲ್ಪ ಕೆಲ್ಸ ಇದ್ದು, ಆನು ತಡ ಆಗಿ ಬತ್ತೆ,” ಎಂದಳು. ಒಳಗೆ ಹೋಗಿ ಮೊಸರವಲಕ್ಕಿ ಕಲಸಿ ತಂದು, ಈರುಳ್ಳಿ ಹಾಕಿಲ್ಲ ಎಂದು ಹೇಳಿ ಎದುರಿಟ್ಟಳು. ಜಿನಶ್ರೀ ಕೈ ತೊಳೆದುಕೊಂಡು ಹಿಂದಿನ ಜಗಲಿಯಲ್ಲಿ ಕೂತಳು. ಗೋಡೆಯ ಮೇಲೆ ಇನ್ನೂ ಬೆಳಕಿತ್ತು. ಎರಡು ತುತ್ತು ತಿಂದಳು. ಮೂರನೆಯದನ್ನು ಎತ್ತಿದವಳು ತಡೆದಳು.

“ಉಪ್ಪು ಸಾಲದು,” ಎಂದಳು. “ಸ್ವಲ್ಪ ಕೊಡ್ತೀರಾ?”